ಅಟ್ಟ ಇಳಿದ ಕೌದಿ

ನೀರಿನ ಪೈಪು ಸೋರದೇ ಇದ್ದಿದ್ದರೆ ನನ್ನ ಕೌದಿ ಈ ಜನ್ಮದಲ್ಲಿ ಮುಗಿಯುತ್ತಿರಲಿಲ್ಲ. ಧಾರವಾಡದ ಮಳೆ ಗೊತ್ತಲ್ಲ, ಹಿಡಿಯಿತೆಂದರೆ ಬಿಡುವುದಿಲ್ಲ. ಅಂಥದ್ದೊಂದು ಮಳೆಯಲ್ಲಿ ನಮ್ಮ ಅಟ್ಟದ ಗೋಡೆ ಒದ್ದೆಯಾಯಿತು. ಪೈಪು ನೋಡಲು ಬಂದ ಹುಡುಗ ಏಣಿ ಹತ್ತಿ, "ಅಕ್ಕಾರ, ಮೊದಲ ಇವನ್ನ ಇಳಿಸಿಕೋರಿ" ಎಂದು ಒಂದೊಂದೇ ಗಂಟು ಕೆಳಗೆ ಕೊಡತೊಡಗಿದ. ಮೂರನೆಯ ಗಂಟು ಕೊಡುವಾಗ ಏಣಿಯ ಮೇಲೆ ಓಲಾಡಿದ.

"ಏನೈತ್ರೀ ಇದರಾಗ? ಭಾಳ ವಜ್ಜಿ ಐತಿ."

ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತಲಿಲ್ಲ. "ನಮ್ಮ ಮನಿಯಾಕಿದು ಇಪ್ಪತ್ತೇಳು ವರ್ಷದ ಆಲಸ್ಯ ಐತಿ ತಮ್ಮಾ. ಹುಷಾರಿ" ಎಂದರು.

ಸುಳ್ಳಲ್ಲ. ಮೊದಲನೆಯ ಗಂಟಿನಲ್ಲಿ ಒಂದು ಕುಂಚಿಗಿ ಇತ್ತು. ಗುಳೇದಗುಡ್ಡದ ಖಣದ್ದು, ಕೂಸಿನ ತಲೆಗೆ ಹಾಕಿ ಬೆನ್ನ ಮೇಲೆ ಇಳಿಬಿಡುವಂಥದ್ದು. ಅಂಚು ಕಟ್ಟುವುದೊಂದೇ ಬಾಕಿ. ಯಾವ ಕೂಸಿಗೆಂದು ಹೊಲಿಯಲು ಕೂತಿದ್ದೆನೋ ಆ ಕೂಸು ಈಗ ಪಿಯುಸಿ ಎರಡನೆಯ ವರ್ಷ. ಮೊನ್ನೆ ಸ್ಕೂಟಿ ಮೇಲೆ ಬಂದು ಹೆಲ್ಮೆಟ್ ತೆಗೆದಿಟ್ಟು ಚಹಾ ಕುಡಿದು ಹೋಯಿತು. ತಲೆಯ ರಕ್ಷಣೆಗೆ ಅವಳೇ ವ್ಯವಸ್ಥೆ ಮಾಡಿಕೊಂಡದ್ದರಿಂದ ಆ ವಿಷಯ ಅಷ್ಟಕ್ಕೇ ಬಿಟ್ಟೆ.

ಎರಡನೆಯದು ನನ್ನ ಮಹತ್ವಾಕಾಂಕ್ಷೆಯ ಗಂಟು. 2016ರಲ್ಲಿ ಯಾವುದೋ ಮ್ಯಾಗಜಿನ್ನಿನಲ್ಲಿ ಜೇನುಗೂಡಿನಂಥ ಆರು ಮೂಲೆಯ ಚೂರುಗಳನ್ನು ಕೂಡಿಸಿ ಮಾಡಿದ ಹಾಸಿಗೆಯ ಹೊದಿಕೆ ಕಂಡಿತ್ತು. ದಪ್ಪ ಕಾಗದವನ್ನು ಆರು ಮೂಲೆಗೆ ಕತ್ತರಿಸಿ, ಅದರ ಮೇಲೆ ಬಟ್ಟೆ ಮಡಚಿ ಹೊಲಿದು, ಅಂಥ ಚೂರುಗಳನ್ನು ಒಂದಕ್ಕೊಂದು ಜೋಡಿಸುತ್ತ ಹೋಗುವುದು; ಆಮೇಲೆ ಕಾಗದ ಎಳೆದು ತೆಗೆಯುವುದು. ಇಂಗ್ಲೆಂಡಿನಲ್ಲಿ ಬಹಳ ಹಿಂದಿನಿಂದ ಹೀಗೆ ಹೊಲಿಯುತ್ತಾರೆ. ತೆಗೆಯದೇ ಉಳಿದ ಅಂಥ ಕಾಗದಗಳಲ್ಲಿ ಹಳೆಯ ಪತ್ರ, ಲೆಕ್ಕದ ಚೀಟಿಗಳೆಲ್ಲ ಸಿಕ್ಕಿವೆಯಂತೆ. ನಾನು ಬಳಸಿದ್ದು ಲಗ್ನಪತ್ರಿಕೆ. ಅಷ್ಟು ದಪ್ಪನೆಯ ಕಾಗದ ಪುಕ್ಕಟೆಯಾಗಿ ಮನೆ ಬಾಗಿಲಿಗೆ ಬರುವುದು ಅದೊಂದೇ. ಈಗ ಒಂದು ಚೂರು ಬಿಚ್ಚಿ ನೋಡಿದರೆ ಒಳಗೆ "ಚಿ. ಸೌ. ಕುಂ." ಎಂದಷ್ಟೇ ಇದೆ, ಹೆಸರು ಪಕ್ಕದ ಚೂರಿಗೆ ಹೋಗಿದೆ. ಇನ್ನೊಂದರಲ್ಲಿ "ಉಡುಗೊರೆ ಸ್ವೀಕರಿಸಲಾಗುವುದಿಲ್ಲ" ಎಂಬಲ್ಲಿ ನನ್ನ ಕತ್ತರಿ "ವುದಿಲ್ಲ"ವನ್ನು ಸರಿಯಾಗಿ ಹಾರಿಸಿಬಿಟ್ಟಿದೆ.

ಅಂಥ ಚೂರುಗಳು ಒಟ್ಟು 41 ಸಿಕ್ಕವು. ನಮ್ಮ ಮನೆಯವರು ಓವರ್‌ಸಿಯರ್ ಆಗಿ ನಿವೃತ್ತರಾದವರು, ಎಸ್ಟಿಮೇಟ್ ಹಾಕದೆ ಅವರಿಗೆ ನಿದ್ದೆ ಬಾರದು. ಮಂಚ ಆರು ಅಡಿಗೆ ಆರೂವರೆ, ಚೂರಿನ ಒಂದೊಂದು ಬದಿ ಒಂದಿಂಚು, ಅಂದರೆ ಒಟ್ಟು 2,160 ಬೇಕು. ಒಂಬತ್ತು ವರ್ಷಕ್ಕೆ 41 ಆಗಿವೆ. "ಇನ್ನ 465 ವರ್ಷ ಬೇಕು. ತಾಳಿಕೋಟಿ ಯುದ್ಧದ ಹೊತ್ತಿಗೆ ಸುರು ಮಾಡಿದ್ದರ ಈಗ ಮುಗೀತಿತ್ತು ನೋಡು" ಎಂದರು. ಆ 41 ಚೂರುಗಳು ಈಗ ಅಡಿಗೆಮನೆಯಲ್ಲಿ ಬಿಸಿ ಪಾತ್ರೆಯ ಕೆಳಗೆ ಸೇವೆ ಸಲ್ಲಿಸುತ್ತಿವೆ.

ಮೂರನೆಯದು, ಆ ವಜ್ಜಿ ಗಂಟು, ಕೌದಿ.

ಕೌದಿ ಎಂದರೆ ಏನೆಂದು ಬಯಲುಸೀಮೆಯವರಿಗೆ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು: ಉಟ್ಟು ಹಳೆಯದಾದ ನೂಲಿನ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ಚೂರುಗಳನ್ನಿಟ್ಟು, ಒತ್ತೊತ್ತಾಗಿ ಕೈಯಿಂದ ಹೊಲಿಯುವ ಹೊದಿಕೆ. ಬಂಗಾಲದಲ್ಲಿ ಇದರ ನಂಟಿನದಕ್ಕೆ ಕಾಂಥಾ ಎನ್ನುತ್ತಾರೆ, ಬಿಹಾರದಲ್ಲಿ ಸುಜನಿ, ಮಹಾರಾಷ್ಟ್ರದಲ್ಲಿ ಗೋಧಡಿ. ಹೊಲಿಗೆ ಎಲ್ಲ ಕಡೆಯೂ ಸೂಜಿ ಮೇಲೆ ಕೆಳಗೆ ಆಡಿಸುವ ಸಾದಾ ಹೊಲಿಗೆಯೇ. ಅದು ಯಾರಿಗೂ ಬರುತ್ತದೆ. ಬಾರದೇ ಇರುವುದು ಅಷ್ಟುದ್ದ ಕೂತುಕೊಳ್ಳುವುದು.

ನಾನು ಇದನ್ನು ಹಾಸಿದ್ದು 1998ರಲ್ಲಿ, ಮಗಳು ಹೊಟ್ಟೆಯಲ್ಲಿದ್ದಾಗ. ಅವ್ವನ ಎರಡು ಇಳಕಲ್ ಸೀರೆ, ಅಪ್ಪನ ಮೂರು ಧೋತರ. ಒಂದು ಬದಿಯಿಂದ ಗೇಣು ಹೊಲಿದೆ. ಅಷ್ಟರಲ್ಲಿ ಮಗಳು ಹುಟ್ಟಿದಳು. ಅವಳು ಸ್ವಲ್ಪ ದೊಡ್ಡವಳಾಗಲಿ ಎಂದುಕೊಂಡೆ. ನಾನು ಕೆಲಸ ಮಾಡುತ್ತಿದ್ದ ಬ್ಯಾಂಕಿನಲ್ಲಿ ಮಾರ್ಚ್ ಮುಗಿಯಲಿ ಎಂದುಕೊಂಡೆ. ಆಷಾಢದಲ್ಲಿ ಹೊಸ ಕೆಲಸ ಬೇಡ ಎಂದಿತು ಮನಸ್ಸು. ಶ್ರಾವಣದಲ್ಲಿ ಹಬ್ಬಗಳೇ ಆದವು. ಭಾದ್ರಪದದಲ್ಲಿ ಗಣಪ್ಪ ಬಂದ, ಅವನ ಬೆನ್ನಿಗೇ ಪಿತೃಪಕ್ಷ. ದಸರೆಗೆ ನೆಂಟರು, ದೀಪಾವಳಿಗೆ ನಾವೇ ನೆಂಟರು. ಧನುರ್ಮಾಸದಲ್ಲಿ ಚಳಿಗೆ ಸೂಜಿ ಹಿಡಿಯಲು ಬೆರಳು ಒಲ್ಲೆನ್ನುತ್ತಿತ್ತು. ಬೇಸಿಗೆಯಲ್ಲಿ ಕೌದಿ ಕಾಲ ಮೇಲೆ ಹಾಕಿಕೊಂಡು ಕೂಡುವವರು ಯಾರು? ಪಂಚಾಂಗವನ್ನು ಇಷ್ಟು ಕಟ್ಟುನಿಟ್ಟಾಗಿ ನಾನು ಬೇರೆ ಯಾವ ವಿಷಯಕ್ಕೂ ಪಾಲಿಸಿದವಳಲ್ಲ.

ಡಲ್ಲಾಸಿನಲ್ಲಿರುವ ನನ್ನ ತಂಗಿಯ ಮಗಳಿಗೆ ವಿಡಿಯೋದಲ್ಲಿ ಈ ಗಂಟು ತೋರಿಸಿದೆ. "ಮಾವಶಿ, ಇಲ್ಲೆ ಇದಕ್ಕ ಯುಎಫ್‌ಓ ಅಂತಾರ" ಎಂದಳು. ಹಾರುವ ತಟ್ಟೆ ಅಂತಲ್ಲ, ಮುಗಿಯದ ವಸ್ತು ಅಂತ ಅರ್ಥವಂತೆ. ಆ ದೇಶದಲ್ಲಿ ಕೌದಿ ಹೊಲಿಯುವ ಹೆಂಗಸರ ಮನೆಗಳಲ್ಲೆಲ್ಲ ಇವು ಡಜನ್ನುಗಟ್ಟಲೆ ಬಿದ್ದಿರುತ್ತವಂತೆ. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಗಂಟನ್ನು ಮತ್ತೆ ಅಟ್ಟಕ್ಕೆ ಹಾಕಿಸುವವಳಿದ್ದೆ.

ಆಗ ಬಂದವರು ಮೂಲಿಮನೆ ವೈನಿ. ಹೆಪ್ಪು ಹಾಕಲು ಮೊಸರು ಕೇಳಲು ಬಂದವರು ಪಡಸಾಲೆಯಲ್ಲಿ ಹರವಿದ್ದ ಕೌದಿ ನೋಡಿ ಬಟ್ಟಲು ಕೆಳಗಿಟ್ಟು ಕೂತರು. "ಸೂಜಿ ಕೊಡ್ರಿ" ಎಂದರು. ಕೊಟ್ಟೆ. ಮೊಸರಿನ ಮಾತು ಅವರಿಗೆ ನೆನಪಾದದ್ದು ಏಳು ಗಂಟೆಗೆ, ಅವರ ಮನೆಯವರು ಹುಡುಕಿಕೊಂಡು ಬಂದಾಗ.

ಮರುದಿನ ಅವರು ಹಿಂದಿನ ಓಣಿಯ ಅಕ್ಕೋರನ್ನು ಕರೆತಂದರು. ಮೂವತ್ತಾರು ವರ್ಷ ಕನ್ನಡ ಸಾಲಿಯಲ್ಲಿ ಕಲಿಸಿದವರು. ಹೀಗೆ ನಾವು ಮೂವರಾದೆವು. ನಮ್ಮ ಮೂವರ ನಡುವೆ ಪೊರೆ ತೆಗೆಸಿಕೊಂಡ ಕಣ್ಣುಗಳು ನಾಲ್ಕು. ಹೊಲಿಯುವುದಕ್ಕೇನೂ ತೊಂದರೆಯಿರಲಿಲ್ಲ, ಸೂಜಿಗೆ ದಾರ ಪೋಣಿಸುವುದರಲ್ಲೇ ಮೊದಲ ದಿನದ ಅರ್ಧ ಹೋಯಿತು. ಮಹಡಿಯ ಮೇಲೆ ಬಾಡಿಗೆಗಿರುವ ಹುಡುಗಿ, ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವಳು, ನಮ್ಮ ಪಾಡು ನೋಡಲಾರದೆ ಒಂದು ವ್ಯವಸ್ಥೆ ಮಾಡಿದಳು. ಮೂರು ಗಂಟೆಯ ಮೀಟಿಂಗಿಗೆ ಮೊದಲು ಕೆಳಗಿಳಿದು ಬಂದು ಹನ್ನೆರಡು ಸೂಜಿಗೆ ದಾರ ಪೋಣಿಸಿ ಲೋಡಿಗೆ ಸಾಲಾಗಿ ಚುಚ್ಚಿಟ್ಟು ಹೋಗುವುದು. ನಾಲ್ಕೂವರೆಗೆ ಇನ್ನೊಂದು ಬ್ಯಾಚು. ಹನ್ನೆರಡನೆಯ ಸೂಜಿ ಮುಗಿಯುವಷ್ಟರಲ್ಲಿ ಚಹಾ, ಚುರಮುರಿ ಆಗಿಬಿಡುತ್ತಿತ್ತು.

ಇಪ್ಪತ್ತೇಳು ವರ್ಷ ನನ್ನಿಂದಾಗದ್ದು ಏಕೆ ಈಗ ಆಗುತ್ತಿದೆ ಎಂದು ನನಗೆ ತಿಳಿದದ್ದು ಎರಡನೆಯ ವಾರ. ನಾನು ಒಬ್ಬಳೇ ಕೂತು ಹೊಲಿದಿದ್ದೆ. ಕೌದಿ ಒಬ್ಬರ ಕೆಲಸವಲ್ಲ. ನಮ್ಮ ಅವ್ವ ಹೊಲಿಯುವಾಗ ಪಡಸಾಲೆಯಲ್ಲಿ ಕೌದಿಯ ಸುತ್ತ ಓಣಿಯೇ ಕೂತಿರುತ್ತಿತ್ತು. ನಾವು ಹುಡುಗರು ದೊಡ್ಡವರ ಮಾತು ಕಲಿತದ್ದೆಲ್ಲ ಆ ಕೌದಿಯ ಅಂಚಿನಲ್ಲಿ ನಿದ್ದೆ ಬಂದವರಂತೆ ಮಲಗಿ. ಒಬ್ಬಳೇ ಕೂತರೆ ಕೈ ಮಾತ್ರ ಆಡುತ್ತದೆ, ಬಾಯಿ ಸುಮ್ಮನಿರುತ್ತದೆ. ಅಂಥ ಕೆಲಸ ಎಷ್ಟು ಹೊತ್ತು ಮಾಡಲಾದೀತು?

ಹೊಲಿಗೆ ನೋಡಿ ಯಾರದೆಂದು ಹೇಳಬಹುದು, ಅಕ್ಷರ ನೋಡಿ ಹೇಳಿದ ಹಾಗೆ. ಅಕ್ಕೋರದು ಕಾಪಿ ಪುಸ್ತಕದ ಗೆರೆ, ಎಲ್ಲ ಹೊಲಿಗೆಯೂ ಅಕ್ಕಿಕಾಳಿನಷ್ಟು. ನನ್ನದು ಬ್ಯಾಂಕಿನ ಲೆಡ್ಜರು, ನೇರ ಇರುತ್ತದೆ, ಸಂಜೆಯಾದ ಹಾಗೆ ಕೆಳಗಿಳಿಯುತ್ತದೆ. ವೈನಿಯದು ಮಾತ್ರ ಆ ದಿನದ ವಿಷಯದ ಮೇಲೆ. ಬದನೆಕಾಯಿಯ ರೇಟಿನ ಬಗ್ಗೆ ಮಾತಾಡುವಾಗ ಸಣ್ಣಗೆ ಚಂದ ಬೀಳುತ್ತದೆ. ಸೊಸೆಯ ವಿಷಯ ಬಂತೋ, ಒಂದೊಂದು ಹೊಲಿಗೆ ಅರ್ಧ ಇಂಚು. ಬೀಗರ ವಿಷಯಕ್ಕೆ ಪೂರಾ ಇಂಚು. ಎಡಗಡೆಯ ಕೆಂಪು ಚೂರಿನ ಹತ್ತಿರ ಒಂದು ಕಡೆ ಎರಡಿಂಚಿನ ಹೊಲಿಗೆಯೇ ಇದೆ. ಅದು ಹುಬ್ಬಳ್ಳಿಯಲ್ಲಿ ಸೈಟಿನ ಪಾಲು ಹಂಚಿದ ಕಥೆ. ವೈನಿ ಚಹಾ ಮಾಡಲು ಒಳಗೆ ಹೋದಾಗ ಅಕ್ಕೋರು ಅದನ್ನು ಬಿಚ್ಚಿ ತಿದ್ದುವವರಿದ್ದರು. ನಾನು ಬಿಡಲಿಲ್ಲ. ಆ ಸೈಟು ಕೈತಪ್ಪಿದ್ದಕ್ಕೆ ದಾಖಲೆಯೆಂದು ಉಳಿದಿರುವುದು ಅದೊಂದೇ.

ತಿದ್ದಲು ಬಿಡದಿದ್ದಕ್ಕೆ ಅಕ್ಕೋರು ಪಾಠ ಮಾಡಿ ಸೇಡು ತೀರಿಸಿಕೊಂಡರು. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಸುರು ಮಾಡಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮುಮ್ಮೂಲೆಯ ತುಂಡು ಇಡುತ್ತಾರೆ. ಅದಕ್ಕೆ ಫೂಲ, ಅಂದರೆ ಹೂವು ಎನ್ನುತ್ತಾರೆ. ಅದಿಲ್ಲದ ಕೌದಿ ಬತ್ತಲೆ ಇದ್ದ ಹಾಗಂತೆ. ಆಫ್ರಿಕದ ಮೂಲದವರು ಅವರು. ಅತ್ತ ಅಮೆರಿಕದ ಅಲಬಾಮದಲ್ಲಿ ಗೀಸ್ ಬೆಂಡ್ ಎಂಬ ಊರಿದೆ, ಅಲ್ಲಿಯೂ ಆಫ್ರಿಕದ ಮೂಲದ ಹೆಂಗಸರೇ, ದುಡಿಮೆಯ ಹಳೆಯ ಪ್ಯಾಂಟು ಅಂಗಿ ಹರಿದು ಕೌದಿ ಮಾಡುತ್ತ ಬಂದವರು. 2002ರಲ್ಲಿ ಅವರ ಕೌದಿಗಳನ್ನು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನ ಗೋಡೆಗೆ ತೂಗುಹಾಕಿದರು. 2006ರಲ್ಲಿ ಅಲ್ಲಿಯ ಅಂಚೆಯವರು ಸ್ಟ್ಯಾಂಪು ತಂದರು.

"ಗ್ವಾಡಿಗೆ ತೂಗುಹಾಕಿದರ ಹೊಚಿಗೊಳ್ಳೋದು ಏನ್ರೀ?" ಎಂದರು ವೈನಿ.

ಅಕ್ಕೋರ ಹತ್ತಿರ ಉತ್ತರವಿರಲಿಲ್ಲ. ಆದರೂ ನಮ್ಮ ಕೌದಿಗೆ ಮೂಲೆಯ ಹೂವು ಇಡುವುದೆಂದು ಠರಾವಾಯಿತು. ನಾಲ್ಕು ಹೂವಿಗೆ ಬಿಳಿ ಖಾದಿ ಬೇಕಾಯಿತು, ನಡುವೆ ಒಂದು ದೊಡ್ಡ ಚೂರಿಗೂ.

ಇಲ್ಲೊಂದು ಅನಾಹುತ ಆಯಿತು. ನಮ್ಮ ಮನೆಯವರು ರಾಷ್ಟ್ರಧ್ವಜದ ಬಟ್ಟೆಗೆ ಹೆಸರಾದ ಗರಗದ ಖಾದಿಯ ಮೇಲೆ ಅಭಿಮಾನವುಳ್ಳವರು. ಒಗೆಯುವ ಬುಟ್ಟಿಯ ಪಕ್ಕದಲ್ಲಿ ಮಡಚಿಟ್ಟಿದ್ದ ಅವರ ಖಾದಿ ಅಂಗಿಯನ್ನು ಹಳೆಯದೆಂದು ನಾನೇ ಎತ್ತಿಕೊಟ್ಟೆ. ಎರಡು ಸಲ ತೊಟ್ಟದ್ದಂತೆ. ಅವರು ಹುಬ್ಬಳ್ಳಿಯಿಂದ ಬರುವಷ್ಟರಲ್ಲಿ ತೋಳೆರಡೂ ಹೂವಾಗಿದ್ದವು. ಎದೆಯ ಭಾಗ ಕಿಸೆಯ ಸಮೇತ ಕೌದಿಯ ನಡುವೆ ಕೂತಿತ್ತು. ವೈನಿ ಕಿಸೆಯ ಬಾಯಿ ಮುಚ್ಚದೆ ಸುತ್ತ ಹೊಲಿದಿದ್ದರು. ಇವರು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಬಗ್ಗಿ ಕಿಸೆಯಲ್ಲಿ ಕೈಹಾಕಿ ಕೆಎಂಎಫ್ ಹಾಲಿನ ರಸೀದಿಯೊಂದನ್ನೂ ಹತ್ತು ರೂಪಾಯಿಯ ನೋಟನ್ನೂ ತೆಗೆದುಕೊಂಡು, ಒಂದು ಮಾತೂ ಆಡದೆ ಒಳಗೆ ಹೋದರು.

ಮುಗಿಸುವ ದಿನ ಕೌದಿಯ ಹೊಟ್ಟೆ ತುಂಬಿಸಬೇಕು. ನಮ್ಮ ಮನೆಯಲ್ಲಿ ಅದೊಂದು ಪದ್ಧತಿ: ಕೊನೆಯ ಚೂರು ಹೊಲಿಯುವ ಮೊದಲು ಒಳಗೆ ತಿನ್ನುವುದೇನಾದರೂ ಇಡುವುದು. ಖಾಲಿ ಹೊಟ್ಟೆಯ ಕೌದಿ ಹೊದ್ದರೆ ಮನೆಯಲ್ಲಿ ಹಸಿವು ಎನ್ನುತ್ತಿದ್ದಳು ಅವ್ವ. ಅವಳು ಇಡುತ್ತಿದ್ದದ್ದು ನಾಲ್ಕು ಕಾಳು ಅಕ್ಕಿ. ವೈನಿಗೆ ಅದು ಜುಗ್ಗತನ ಎನಿಸಿತು. "ಇಪ್ಪತ್ತೇಳು ವರ್ಷ ಉಪವಾಸ ಐತಿ ಅದು" ಎಂದು ಒಂದು ಚೂರು ಹೋಳಿಗೆಯನ್ನೇ ಇಟ್ಟು ಹೊಲಿದುಬಿಟ್ಟರು. ಆರತಿ ಎತ್ತಿದೆವು. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಅಡಿಗೆಮನೆಯ ಕಿಟಕಿಯಿಂದ ಪಡಸಾಲೆಯವರೆಗೆ ಕೆಂಪಿರುವೆಯ ಸಾಲು, ಅಕ್ಕೋರ ಹೊಲಿಗೆಗಿಂತ ನೇರ. ಬಿಚ್ಚಿ, ಝಾಡಿಸಿ, ಬಿಸಿಲಿಗೆ ಹಾಕಿ, ನಾಲ್ಕು ಕಾಳು ಅಕ್ಕಿ ಇಟ್ಟು ಮತ್ತೆ ಹೊಲಿದೆವು. ಒಗೆದು ಹಾಕಿದಾಗ ವಜ್ಜೆಗೆ ಅಂಗಳದ ಹಗ್ಗ ಹರಿಯಿತು. ಅದನ್ನು ಇಲ್ಲಿ ಹೆಚ್ಚು ಬೆಳೆಸುವುದಿಲ್ಲ.

ಮಗಳಿಗೆ ಫೋನು ಮಾಡಿ, ನಿನ್ನ ತೊಟ್ಟಿಲ ಕೌದಿ ಮುಗಿಯಿತು ಎಂದೆ. "ಅವ್ವಾ, ನನ್ನ ಲಗ್ನಕ್ಕರ ಆತಲ್ಲ" ಎಂದಳು. ಲಗ್ನ ಮುಂದಿನ ಮಾಘದಲ್ಲಿ. ಪತ್ರಿಕೆ ಒಳ್ಳೆ ದಪ್ಪ ಕಾಗದದ್ದೇ ಆರಿಸಿದ್ದೇನೆ. ಕೌದಿ ಬೆಂಗಳೂರಿಗೆ ಹೋಗಬೇಕಿತ್ತು, ಆದರೆ ಇವರು ಬಿಡುತ್ತಿಲ್ಲ. ರಾತ್ರಿ ಹೊದ್ದುಕೊಂಡು ಪುಸ್ತಕ ಓದುತ್ತಾರೆ, ಓದಿ ಮುಗಿಸಿ ಚಷ್ಮಾ ತೆಗೆದು ಎದೆಯ ಮೇಲಿನ ಕಿಸೆಯಲ್ಲಿಟ್ಟು ಮಲಗುತ್ತಾರೆ. ತಮ್ಮದೇ ಅಂಗಿ, ತಮ್ಮದೇ ಕಿಸೆ, ತಕರಾರು ಹೇಗೆ ಮಾಡಲಿ?

ಈಗ ಮಗಳಿಗೆಂದು ಇನ್ನೊಂದು ಹಾಸಿದ್ದೇವೆ. ವೈನಿಯ ಅಟ್ಟದಿಂದ ಎರಡು ಗಂಟು ಇಳಿದಿವೆ, ಅಕ್ಕೋರು ತಮ್ಮಲ್ಲಿ ಏನೂ ಇಲ್ಲ ಎನ್ನುತ್ತಾರೆ, ನಾವು ನಂಬಿಲ್ಲ. ಮಂಗಳವಾರ, ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಕೂಡುತ್ತೇವೆ. ಧಾರವಾಡದ ಕಡೆ ಬಂದರೆ ಬನ್ನಿ. ಹಳೆಯ ನೂಲಿನ ಸೀರೆಯಿದ್ದರೆ ತನ್ನಿ, ಸಿಂಥೆಟಿಕ್ ಬೇಡ, ಸೂಜಿ ಏರುವುದಿಲ್ಲ. ಮಹಡಿಯ ಹುಡುಗಿಗೆ ಪುಣೆಗೆ ವರ್ಗವಾಗಿದೆ. ಆದ್ದರಿಂದ ಹೊಲಿಯಲು ಬಾರದಿದ್ದರೂ ನಡೆಯುತ್ತದೆ, ಕಣ್ಣು ಚೆನ್ನಾಗಿರುವವರು ದಯವಿಟ್ಟು ಬರಬೇಕು.