ಮಲ್ಡರ್ ಸಾಹೇಬರ ಟಿ.ಎ. ಬಿಲ್ಲು

ಅನ್ಯಗ್ರಹದವರು ಭೂಮಿಗೆ ಬಂದು ಹೋಗುತ್ತಾರೆ ಎಂಬ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ. ಬರಲಿ, ಹೋಗಲಿ, ಅವರ ಖರ್ಚಿನಲ್ಲಿ ಅವರು ಓಡಾಡುತ್ತಾರೆ. ನನ್ನ ತಕರಾರೆಲ್ಲ ಅವರನ್ನು ಹುಡುಕಿಕೊಂಡು ಸರ್ಕಾರದ ಖರ್ಚಿನಲ್ಲಿ ಊರೂರು ಸುತ್ತುವ ಫಾಕ್ಸ್ ಮಲ್ಡರ್ ಎಂಬ ಅಧಿಕಾರಿಯ ಮೇಲೆ. ಈ ಮನುಷ್ಯ ಟೂರಿಗೆ ಹೊರಡುವ ಮುಂಚೆ ಒಂದು ಸಲವಾದರೂ ನೆಟ್ಟಗೆ ಮಂಜೂರಾತಿ ಪಡೆದದ್ದನ್ನು ನಾನು ಕಾಣೆ.

ಸರ್ವಿಸಿನ ಉದ್ದಕ್ಕೂ ಬೇರೆಯವರ ಬಿಲ್ಲು ನೋಡಿ ಬಾಳಿದವನು ನಾನು. ಆಡಿಟ್‌ನಲ್ಲಿದ್ದವರಿಗೆ ರಿಟೈರಾದ ಮೇಲೂ ಕೈ ಸುಮ್ಮನಿರುವುದಿಲ್ಲ. ಹಾಲಿನವನ ಲೆಕ್ಕ, ಇಸ್ತ್ರಿಯವನ ಚೀಟಿ, ಗ್ಯಾಸ್ ಸಿಲಿಂಡರು ಎಷ್ಟು ದಿನಕ್ಕೆ ಮುಗಿಯಿತು ಎಂಬುದಕ್ಕೆಲ್ಲ ಪೆನ್ಸಿಲಿನಲ್ಲಿ ಷರಾ ಬರೆಯತೊಡಗಿದ ಮೇಲೆ ಮನೆಯಲ್ಲಿ ತುರ್ತುಸಭೆ ಸೇರಿತು. ಅದರ ಠರಾವಿನಂತೆ ಮಗಳು ಟಿವಿಗೆ ಏನೋ ಜೋಡಿಸಿ, "ಅಪ್ಪಾ, ಎಕ್ಸ್-ಫೈಲ್ಸ್ ಹಾಕಿದೀನಿ. ಮೊದಲನೇ ಕಂತಿಂದ ಶುರು ಮಾಡು. ಒಟ್ಟು 218 ಇದೆ, ಅಮ್ಮ ಸ್ವಲ್ಪ ನೆಮ್ಮದಿಯಾಗಿರ್ತಾಳೆ," ಎಂದಳು. ಫೈಲು ಎಂಬ ಮಾತು ಕಿವಿಗೆ ಬಿದ್ದದ್ದೇ ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡೆ. ಮನೆಯಾಕೆ ಅವರೆಕಾಯಿ ಮೊರ ತಂದು ಪಕ್ಕದಲ್ಲಿ ಕೂತಳು. ನಾನು ನಿಜವಾಗಿಯೂ ಕೂತಲ್ಲೇ ಕೂರುತ್ತೇನೆಯೇ ಎಂದು ನೋಡುವುದಕ್ಕಿರಬೇಕು.

1993ರ ಸೆಪ್ಟೆಂಬರ್ 10ರಂದು ಅಮೆರಿಕದಲ್ಲಿ ಮೊದಲ ಸಲ ಪ್ರಸಾರವಾದ ಧಾರಾವಾಹಿ ಇದು. ಕ್ರಿಸ್ ಕಾರ್ಟರ್ ಎಂಬಾತ ಹುಟ್ಟುಹಾಕಿದ್ದು. ಎಫ್‌ಬಿಐನ ನೆಲಮಾಳಿಗೆಯಲ್ಲಿ ಒಂದು ಕೋಣೆ. ಬೇರೆ ಯಾರಿಗೂ ಬೇಡವಾದ, ಬಗೆಹರಿಯದ ಕೇಸುಗಳ ಕಡತ ಅಲ್ಲಿ. ಅವುಗಳ ನಡುವೆ ಮಲ್ಡರ್. ಗೋಡೆಯ ಮೇಲೆ ಹಾರುವ ತಟ್ಟೆಯ ಚಿತ್ರ, ಅದರ ಕೆಳಗೆ ತನಗೆ ನಂಬುವ ಆಸೆಯಿದೆ ಎಂಬ ಒಕ್ಕಣೆ. ಆಡಿಟ್ ಕಚೇರಿಯಲ್ಲಿ ಯಾರಾದರೂ ಅಂಥದ್ದನ್ನು ಗೋಡೆಗೆ ಹಚ್ಚಿದ್ದರೆ ಅದೇ ದಿನ ಮೆಮೊ ಹೋಗುತ್ತಿತ್ತು.

ಈ ಕಡತಗಳಿಗೆ ಎಕ್ಸ್ ಎಂದು ಯಾಕೆ ಹೆಸರು ಬಂತು ಎಂಬುದನ್ನು ಐದನೇ ಸೀಸನ್ನಿನ ಒಂದು ಕಂತಿನಲ್ಲಿ ರೆಕಾರ್ಡು ನೋಡಿಕೊಳ್ಳುವ ಹೆಂಗಸು ಹೇಳುತ್ತಾಳೆ. ಬಗೆಹರಿಯದ ಕೇಸುಗಳನ್ನು ಮೊದಲು ಯು ಅಕ್ಷರದ ಡ್ರಾಯರಿನಲ್ಲಿ ಇಡುತ್ತಿದ್ದರಂತೆ. ಅದು ತುಂಬಿಹೋಯಿತು. ಎಕ್ಸ್ ಡ್ರಾಯರಿನಲ್ಲಿ ಬೇಕಾದಷ್ಟು ಜಾಗ ಖಾಲಿ ಬಿದ್ದಿತ್ತು, ಅದಕ್ಕೆ ಅಲ್ಲಿಗೆ ಸಾಗಿಸಿದರು. ಇಡೀ ಧಾರಾವಾಹಿಯಲ್ಲಿ ನಾನು ಒಂದು ಚೂರೂ ಸಂಶಯವಿಲ್ಲದೆ ನಂಬಿದ ಸಂಗತಿ ಇದು. ಜಗತ್ತಿನ ಬಹುಪಾಲು ನಿಗೂಢಗಳು ಕಪಾಟಿನಲ್ಲಿ ಜಾಗ ಸಾಲದ್ದರಿಂದಲೇ ಹುಟ್ಟಿದವು ಎಂದು ರೆಕಾರ್ಡ್ ರೂಮಿನ ಧೂಳು ಕುಡಿದವರಿಗೆಲ್ಲ ಗೊತ್ತು.

ಮೊದಲ ಕಂತಿನಲ್ಲೇ ಡೇನಾ ಸ್ಕಲಿ ಬರುತ್ತಾಳೆ. ವೈದ್ಯೆ, ಕಾಲೇಜಿನಲ್ಲಿ ಭೌತವಿಜ್ಞಾನ ಓದಿ ಐನ್‌ಸ್ಟೈನ್ ಮೇಲೆ ಪ್ರಬಂಧ ಬರೆದವಳು. ಮೇಲಿನವರು ಅವಳನ್ನು ಕರೆಸಿ, ನೆಲಮಾಳಿಗೆಯ ಆ ಮನುಷ್ಯನ ಜೊತೆ ಕೆಲಸ ಮಾಡಿ ಅವನ ಕೆಲಸದಲ್ಲಿ ಹುರುಳಿದೆಯೋ ಇಲ್ಲವೋ ಎಂದು ಆಗಾಗ ವರದಿ ಕೊಡು ಎನ್ನುತ್ತಾರೆ. ನಾನು ತೊಡೆ ತಟ್ಟಿದೆ. "ನೋಡೇ, ಇವಳು ಆಡಿಟ್!" ಎಂದೆ. "ಅದಕ್ಕೇ ಮುಖ ಹಾಗಿದೆ," ಎಂದಳು ಮನೆಯಾಕೆ, ಕಾಳು ಹಿಸುಕುತ್ತ.

ಅಂದಿನಿಂದ ನಾನು ಸ್ಕಲಿಯ ಪಕ್ಷ. ಜಿಲಿಯನ್ ಆಂಡರ್ಸನ್ ಅವಳಾಗಿ ಹುಬ್ಬು ಒಂದಿಷ್ಟೇ ಮೇಲೆತ್ತುವ ರೀತಿ ಇದೆಯಲ್ಲ, ಅದನ್ನು ತರಬೇತಿ ಕೇಂದ್ರಗಳಲ್ಲಿ ಕಲಿಸಬೇಕು. ಎಂಥ ಅಧಿಕಾರಿ ಎಂಥ ಸಬೂಬು ಹೇಳಿದರೂ ಆ ಹುಬ್ಬಿನ ಎದುರು ವೋಚರು ತಾನಾಗಿಯೇ ಹೊರಬರುತ್ತದೆ. ಆದರೆ ಅವಳದೊಂದು ದೌರ್ಬಲ್ಯ ಉಂಟು. ತಟ್ಟೆ ಹಾರುವ ಹೊತ್ತಿಗೆ ಅವಳು ಮೂರ್ಛೆ ಹೋಗಿರುತ್ತಾಳೆ, ಇಲ್ಲವೇ ಬೇರೆ ಕೋಣೆಯಲ್ಲಿರುತ್ತಾಳೆ, ಇಲ್ಲವೇ ಬಾಗಿಲು ತೆರೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಆಡಿಟ್ ಪಾರ್ಟಿ ಊರಿಗೆ ಕಾಲಿಡುವ ಹೊತ್ತಿಗೆ ಕ್ಯಾಷಿಯರ್ ಅಜ್ಜಿಯ ತಿಥಿಗೆ ಹೋಗಿರುವಂತೆ.

ಮೊದಲ ಕಂತಿನ ಕೊನೆಗೆ ಬನ್ನಿ. ಆರಿಗನ್ ರಾಜ್ಯದ ಬೆಲ್‌ಫ್ಲೂರ್ ಎಂಬ ಊರು. ಹೆಣ ಅಗೆದು ತೆಗೆದಿದ್ದಾರೆ, ಎಕ್ಸ್-ರೇ ಹಿಡಿದಿದ್ದಾರೆ, ಫೋಟೊ ತೆಗೆದಿದ್ದಾರೆ, ಎಲ್ಲ ಮೋಟೆಲ್ಲಿನ ಕೋಣೆಯಲ್ಲಿದೆ. ಮೋಟೆಲ್ಲಿಗೆ ಬೆಂಕಿ! ಉಳಿದದ್ದು ಹೆಣದ ಮೂಗಿನೊಳಗೆ ಸಿಕ್ಕಿದ ಒಂದು ಲೋಹದ ಚೂರು ಮಾತ್ರ. ಸ್ಕಲಿ ಅದನ್ನು ವರದಿಯ ಜೊತೆ ಒಪ್ಪಿಸುತ್ತಾಳೆ. ರಾತ್ರಿ ಮಲ್ಡರ್ ಫೋನು ಮಾಡುತ್ತಾನೆ: ಕೇಸಿನ ಕಾಗದಗಳೇ ಕಾಣೆ. ಆ ಲೋಹದ ಚೂರನ್ನೋ, ಸಿಗರೇಟು ಸೇದುವ ಒಬ್ಬ ಮನುಷ್ಯ ಪೆಂಟಗನ್ನಿನ ದೊಡ್ಡ ಉಗ್ರಾಣಕ್ಕೆ ಒಯ್ದು, ಸಾಲು ಸಾಲು ಡಬ್ಬಿಗಳ ನಡುವೆ ಇಟ್ಟು, ಬಾಗಿಲು ಹಾಕಿಕೊಂಡು ಹೋಗುತ್ತಾನೆ. ಇದನ್ನು ಭಯಾನಕ ಎಂದು ಮಗಳು ಹೇಳಿದ್ದಳು. ನನಗೆ ಕಣ್ಣು ತೇವವಾಯಿತು. 'ಸದರಿ ಕಡತವು ಅಗ್ನಿ ಆಕಸ್ಮಿಕದಲ್ಲಿ ನಾಶವಾಗಿರುತ್ತದೆ' ಎಂಬ ಉತ್ತರವನ್ನು ನಾನು ಎಷ್ಟು ತಾಲ್ಲೂಕುಗಳಲ್ಲಿ ಓದಿದ್ದೇನೆ! ಐದನೇ ಸೀಸನ್ನಿನ ಕೊನೆಗೆ ನೆಲಮಾಳಿಗೆಯ ಆ ಕಚೇರಿಯೇ ಹೊತ್ತಿ ಉರಿಯಿತು. ಆಗ ನನಗೆ ಆಶ್ಚರ್ಯವೇ ಆಗಲಿಲ್ಲ. ಅಷ್ಟು ದಿನ ಸುಡದೆ ಇದ್ದದ್ದೇ ಹೆಚ್ಚು.

ಸಿಗರೇಟಿನವನ ವಿಷಯ ಬಂತಲ್ಲ. ಮೊದಲ ಕಂತಿನಲ್ಲಿ ಅವನಿಗೆ ಒಂದು ಮಾತೂ ಇಲ್ಲ. ದೊಡ್ಡ ಸಾಹೇಬರ ಕೋಣೆಯಲ್ಲಿ ಕಪಾಟಿಗೆ ಒರಗಿ ಹೊಗೆ ಬಿಡುತ್ತ ನಿಂತಿರುತ್ತಾನೆ, ಅಷ್ಟೆ. ಅವನ ಹುದ್ದೆ ಏನು, ಯಾವ ಸೆಕ್ಷನ್, ಸಂಬಳ ಯಾವ ಲೆಕ್ಕಶೀರ್ಷಿಕೆಯಲ್ಲಿ ಬರುತ್ತದೆ, ಯಾರಿಗೂ ಗೊತ್ತಿಲ್ಲ. ಕೇಳುವ ಧೈರ್ಯವೂ ಇಲ್ಲ. ವಿಲಿಯಂ ಬಿ. ಡೇವಿಸ್ ಎಂಬ ನಟ ಈ ಪಾತ್ರ ಮಾಡಿದವರು. ಅವರು ನಿಜಜೀವನದಲ್ಲಿ ಸಿಗರೇಟು ಬಿಟ್ಟು ಬಹಳ ವರ್ಷಗಳಾಗಿದ್ದವು, ಶೂಟಿಂಗಿನಲ್ಲಿ ಬಹುಪಾಲು ಸೇದುತ್ತಿದ್ದದ್ದು ಗಿಡಮೂಲಿಕೆಯ ಸಿಗರೇಟು. ಇನ್ನೊಂದು ತಮಾಷೆಯೆಂದರೆ ಈ ಅತೀಂದ್ರಿಯ ವ್ಯವಹಾರಗಳಲ್ಲಿ ಅವರಿಗೆ ಎಳ್ಳಷ್ಟೂ ನಂಬಿಕೆಯಿಲ್ಲ. ನಮ್ಮ ಕಚೇರಿಗಳಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆ. ಹಾಜರಿ ಪುಸ್ತಕದಲ್ಲಿ ಹೆಸರಿರುವುದಿಲ್ಲ, ಸಾಹೇಬರ ಕೋಣೆಯ ಸೋಫಾದಲ್ಲಿ ಕಾಫಿ ಮಾತ್ರ ಅವನದೇ ಮೊದಲು. ಅವನು ಎದ್ದು ಹೋದ ಮೇಲೆ ಯಾವುದಾದರೂ ಒಂದು ಫೈಲು ಸಿಗುವುದಿಲ್ಲ.

ಮೂರನೇ ಕಂತಿನ ಯೂಜೀನ್ ಟೂಮ್ಸ್ ಮಾತ್ರ ನನ್ನನ್ನು ನಿಜಕ್ಕೂ ಕಂಗೆಡಿಸಿದ. ಬೆರಳಗಲದ ಸಂದಿಯಲ್ಲೂ ಮೈ ಎಳೆದುಕೊಂಡು ನುಸುಳುತ್ತಾನೆ. 30 ವರ್ಷಕ್ಕೊಮ್ಮೆ ಎದ್ದು, ಐದು ಜನರ ಪಿತ್ತಜನಕಾಂಗ ಕಿತ್ತು ತಿಂದು, ಹಳೇ ಪತ್ರಿಕೆ ಹರಿದು ಪಿತ್ತರಸದಿಂದ ಅಂಟಿಸಿ ಗೂಡು ಕಟ್ಟಿಕೊಂಡು ಮತ್ತೆ ಮಲಗುತ್ತಾನೆ. ಮನೆಯಾಕೆ ಮೊರ ಎತ್ತಿಕೊಂಡು ಅಡುಗೆಮನೆಗೆ ಹೊರಟಳು. ಹೋಗುವಾಗ ಮೂಲೆಯಲ್ಲಿ ನಾನು ಒಟ್ಟಿಟ್ಟಿದ್ದ ಹಳೇ ಪೇಪರಿನ ಕಟ್ಟುಗಳ ಕಡೆ ಒಂದು ಸಲ ನೋಡಿದಳು. ನನ್ನನ್ನು ಕಾಡಿದ್ದು ಬೇರೆ. ಈ ಟೂಮ್ಸ್ ಬಾಲ್ಟಿಮೋರ್ ನಗರದಲ್ಲಿ ಬೀದಿ ಪ್ರಾಣಿ ಹಿಡಿಯುವ ಕೆಲಸದಲ್ಲಿದ್ದಾನೆ. ಅಂದರೆ ಸರ್ಕಾರಿ ಮನುಷ್ಯ. 1903ರಲ್ಲೇ ಆ ಊರಿನ ಜನಗಣತಿಯಲ್ಲಿ ಅವನ ಹೆಸರಿದೆ ಎಂದು ಮಲ್ಡರ್ ಹಳೇ ದಾಖಲೆ ತಡಕಿ ಕಂಡುಹಿಡಿದು ಬೀಗುತ್ತಾನೆ. ಅಷ್ಟು ಕಷ್ಟ ಯಾಕೆ? ಸರ್ವಿಸ್ ರಿಜಿಸ್ಟರಿನಲ್ಲಿ ಹುಟ್ಟಿದ ತಾರೀಖು ಪರಿಶೀಲಿಸಿದವರು ಯಾರು, ಸಹಿ ಯಾರದು, ನಿವೃತ್ತಿಯ ವಯಸ್ಸು ದಾಟಿದವನಿಗೆ ಸಂಬಳ ಯಾವ ಆದೇಶದ ಮೇಲೆ? ಈ ಮೂರು ಪ್ರಶ್ನೆ ಕೇಳಿದ್ದರೆ ಮೊದಲನೇ ಲಿವರಿಗೇ ಸಿಕ್ಕಿಬೀಳುತ್ತಿದ್ದ.

ಇನ್ನು ಟಿ.ಎ. ಬಿಲ್ಲು. ಒಂದು ವಾರ ಅಲಾಸ್ಕಾ, ಮರುವಾರ ಅಯೋವಾ, ಅದರ ಮರುವಾರ ಇನ್ನೆಲ್ಲೋ. ವಿಮಾನ, ಬಾಡಿಗೆ ಕಾರು, ತಲೆಗೊಂದು ಮೋಟೆಲ್ ರೂಮು. ಆದರೆ ನೋಡುತ್ತ ನೋಡುತ್ತ ನನಗೊಂದು ಗುಮಾನಿ ಬಂತು: ಯಾವ ರಾಜ್ಯಕ್ಕೆ ಹೋದರೂ ಅದೇ ಪೈನ್ ಮರ, ಅದೇ ಜಿಟಿಜಿಟಿ ಮಳೆ, ಅದೇ ಮಂಜು. ವಿಚಾರಿಸಿದರೆ, ಮೊದಲ ಐದು ಸೀಸನ್ನು ಪೂರ್ತಿ ಚಿತ್ರೀಕರಣ ನಡೆದದ್ದು ಕೆನಡಾದ ವ್ಯಾಂಕೂವರ್‌ನಲ್ಲಿ! ನ್ಯೂ ಮೆಕ್ಸಿಕೊದ ಕೆಂಪು ಮರುಭೂಮಿ ತೋರಿಸಬೇಕಾದಾಗ ವ್ಯಾಂಕೂವರ್ ಕಡೆಯ ಒಂದು ಕಲ್ಲುಕ್ವಾರಿಗೆ ಕೆಂಪು ಬಣ್ಣ ಬಳಿದಿದ್ದಾರೆ. ಊರು ಬಿಡದೆ ಟೂರ್ ಬಿಲ್ಲು ಹಾಕುವವರನ್ನು ನಾನು ಕಂಡಿದ್ದೇನೆ, ಹಿಡಿದೂ ಇದ್ದೇನೆ. ಗುಡ್ಡಕ್ಕೇ ಸುಣ್ಣಬಣ್ಣ ಮಾಡಿ ಪುರಾವೆ ಒದಗಿಸಿದವರನ್ನು ಕಂಡಿರಲಿಲ್ಲ. ಆರನೇ ಸೀಸನ್ನಿಗೆ ಎಲ್ಲರೂ ಲಾಸ್ ಏಂಜಲೀಸಿಗೆ ಬಂದರು. ಪರದೆಯ ಮೇಲೆ ಬಿಸಿಲು ಬಿತ್ತು. ಕಥೆ ಅಷ್ಟರಮಟ್ಟಿಗೆ ಒಣಗಿತು ಎಂದು ನನ್ನ ಅಭಿಪ್ರಾಯ, ಮಗಳು ಒಪ್ಪುವುದಿಲ್ಲ.

ಚಿಲ್ಲರೆ ಆಕ್ಷೇಪಣೆಗಳು ಬೇಕಾದಷ್ಟಿವೆ. ಸ್ವಿಚ್ಚು ಎದುರಿಗಿದ್ದರೂ ದೀಪ ಹಾಕದೆ ಟಾರ್ಚು ಹಿಡಿದು ಒಳಗೆ ನುಗ್ಗುವುದು. ಸರ್ಕಾರದ ಪೆನ್ಸಿಲುಗಳನ್ನು ತೂರಿ ಕಚೇರಿಯ ಸೀಲಿಂಗಿಗೆ ಚುಚ್ಚುವುದು. ಸ್ಕಲಿಯ ಹೆರಿಗೆ ರಜೆಯ ಪ್ರಕರಣವಂತೂ ವಿಚಿತ್ರ. 1994ರಲ್ಲಿ ಜಿಲಿಯನ್ ಆಂಡರ್ಸನ್ ಬಸುರಿಯಾದರು. ಕಥೆಯಲ್ಲಿ ಅದನ್ನು ತೋರಿಸುವ ಹಾಗಿಲ್ಲ. ದೊಡ್ಡ ಕೋಟು ತೊಡಿಸಿ, ಮೇಜಿನ ಹಿಂದೆ ನಿಲ್ಲಿಸಿ ಎಷ್ಟು ದಿನ ತಳ್ಳಬಹುದು? ಕೊನೆಗೆ ಸ್ಕಲಿಯನ್ನು ಅಪಹರಣ ಮಾಡಿಸಿದರು. ಅಪಹರಣವೇ ರಜೆಗೆ ಕಾರಣ! ಅದರಲ್ಲೂ ಆಕೆ ಕಾಣದೆ ಹೋದದ್ದು ಒಂದೇ ಒಂದು ಕಂತಿನಲ್ಲಿ. ಹೆತ್ತು ಕೆಲವೇ ದಿನಕ್ಕೆ ಕ್ಯಾಮೆರಾದ ಮುಂದೆ ಹಾಜರು. ಇದನ್ನು ಹೇಳಿದಾಗ ಮನೆಯಾಕೆಯ ಕೈ ನಿಂತಿತು. "ಹಸಿ ಬಾಣಂತಿ ಕಣ್ರೀ! ಕಿವಿಗೆ ಹತ್ತಿ ಇಲ್ಲ, ತಲೆಗೆ ಬಟ್ಟೆ ಇಲ್ಲ." ಆಕೆ ಮರಳಿ ಬಂದ ಕಂತಿನಲ್ಲಿ ಸ್ಕಲಿ ಎಚ್ಚರವಿಲ್ಲದೆ ಆಸ್ಪತ್ರೆಯ ಮಂಚದಲ್ಲಿ ಮಲಗಿರುತ್ತಾಳೆ. "ಸದ್ಯ, ಮಲಗಿಸಿದ್ದಾರೆ," ಎಂದು ಆಕೆ ಸಮಾಧಾನಪಟ್ಟುಕೊಂಡಳು.

ನನ್ನ ಈ ಸ್ಕಲಿಪಕ್ಷಪಾತಕ್ಕೆ ಕಾರಣ ಬಸವನಗುಡಿಯಲ್ಲಿದೆ. ನಾನು ಅಲ್ಲಿನ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದೆ. ಎಚ್. ನರಸಿಂಹಯ್ಯನವರು ಆಗ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಅಮೆರಿಕದ ಒಹಾಯೊದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟು ಮಾಡಿ ಬಂದು, ಖಾದಿ ಉಟ್ಟು, ಕಾಲೇಜು ಹಾಸ್ಟೆಲಿನ ಕೋಣೆಯಲ್ಲೇ ಬದುಕಿದವರು. 1976ರಲ್ಲಿ ಅವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಒಂದು ಸಮಿತಿಯನ್ನೇ ನೇಮಿಸಿದರು. ನಮ್ಮಲ್ಲೂ ಒಂದು ಎಕ್ಸ್-ಫೈಲು ತೆರೆದಿತ್ತು, ಅದೂ ಮಲ್ಡರ್‌ಗಿಂತ 17 ವರ್ಷ ಮೊದಲು. ಗಾಳಿಯಲ್ಲಿ ಕೈಯಾಡಿಸಿ ಬೂದಿ, ಉಂಗುರ ತೆಗೆಯುವವರಿಗೆ, ಅದೆಲ್ಲ ಬೇಡ, ಒಂದು ಕುಂಬಳಕಾಯಿ ತೆಗೆಯಿರಿ ಎಂದು ಎಚ್ಚೆನ್ ಹೇಳುತ್ತಿದ್ದರೆಂಬುದು ಬೆಂಗಳೂರಿನ ಹಳಬರ ಬಾಯಲ್ಲಿ ಇವತ್ತಿಗೂ ಇದೆ. ಇಡೀ ಆಡಿಟ್ ಶಾಸ್ತ್ರ ಆ ಒಂದು ಕುಂಬಳಕಾಯಿಯಲ್ಲಿದೆ. ತೋಳಿನೊಳಗೆ ಬಚ್ಚಿಡಲಾಗದ್ದನ್ನು ಕೇಳಬೇಕು.

ಇದೆಲ್ಲ ಮನೆಯಾಕೆಗೆ ಬೇಕಿಲ್ಲ. ಅವಳದು ಮೊದಲ ವಾರದಿಂದ ಒಂದೇ ಪ್ರಶ್ನೆ: "ಇವರಿಬ್ಬರ ಮದುವೆ ಯಾವಾಗ?" ಮಲ್ಡರ್ ಒಂಟಿ, ಸೋಫಾದ ಮೇಲೆ ಮಲಗುತ್ತಾನೆ, ಸೂರ್ಯಕಾಂತಿ ಬೀಜ ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತಾನೆ, ಅವಳಿಗೆ ಅದನ್ನು ನೋಡಲಾಗುವುದಿಲ್ಲ. 1998ರ ಸಿನಿಮಾವನ್ನು ನಡುವೆ ಹಾಕಿದೆವು. ಅಲ್ಲಿ, ಮಲ್ಡರ್‌ನ ಮನೆಯ ಹೊರಗಿನ ಕಾರಿಡಾರಿನಲ್ಲಿ, ಇಬ್ಬರ ಮುಖವೂ ಹತ್ತಿರ ಬಂತು, ಇನ್ನೇನು ಎನ್ನುವಾಗ ಸ್ಕಲಿಯ ಕುತ್ತಿಗೆಗೆ ಜೇನುಹುಳು ಕಚ್ಚಿತು. ಮನೆಯಾಕೆ ಆ ಹುಳುವಿಗೆ ಹಾಕಿದ ಶಾಪವನ್ನು ಇಲ್ಲಿ ಬರೆಯಲಾರೆ. ಸರಿಯಾದ ಒಂದು ಮುತ್ತು ಬಂದದ್ದು ಏಳನೇ ಸೀಸನ್ನಿನಲ್ಲಿ, 2000ದ ಹೊಸ ವರ್ಷದ ಗಂಟೆ ಹೊಡೆಯುವಾಗ. "ಏಳು ವರ್ಷ ಬೇಕಾಯ್ತಾ?" ಎಂದಳು. ನಮ್ಮ ಇಲಾಖೆಯಲ್ಲಿ ಅದಕ್ಕಿಂತ ತಡವಾಗಿ ಬಡ್ತಿ ಸಿಕ್ಕಿದವರ ಹೆಸರು ಹೇಳಿದೆ, ಅವಳು ಕೇಳಿಸಿಕೊಳ್ಳಲಿಲ್ಲ.

ನಾನು ಕಾದದ್ದು ಬೇರೆ ಮುಹೂರ್ತಕ್ಕೆ. ಅದು ಏಳನೇ ಸೀಸನ್ನಿನ ಕೊನೆಯ ಕಂತಿನಲ್ಲಿ, 2000ದ ಮೇ ತಿಂಗಳಲ್ಲಿ ಬಂತು. ಆಡಿಟರ್ ಬಂದ! ಸುಳ್ಳಲ್ಲ, ಎಫ್‌ಬಿಐನ ಲೆಕ್ಕದವನು ಮಲ್ಡರನ್ನು ಎದುರಿಗೆ ಕೂರಿಸಿಕೊಂಡು, ಬಾಡಿಗೆ ಕಾರು, ಮೋಟೆಲ್ ರೂಮು, ಪೆಟ್ರೋಲು ಎಂದು ಒಂದೊಂದಾಗಿ ಕೇಳತೊಡಗಿದ. ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಮಲ್ಡರ್‌ನ ಉತ್ತರಗಳೋ, ಬೇಕಿದ್ದರೆ ಇಬ್ಬರಿಗೂ ಸೇರಿ ಒಂದೇ ರೂಮು ಮಾಡುತ್ತೇವೆ ಎಂಬ ಧಾಟಿಯವು. ಧಾರಾವಾಹಿಯವರು ಆ ಆಡಿಟರನ್ನು ಅರಸಿಕನ ಹಾಗೆ ತೋರಿಸಿದ್ದಾರೆ, ಅದು ಅವರ ಸಂಕುಚಿತ ಬುದ್ಧಿ. ಪ್ರಶ್ನೆಗಳು ಮಾತ್ರ ಒಂದಕ್ಕಿಂತ ಒಂದು ನ್ಯಾಯವಾಗಿದ್ದವು. "ಇನ್ನು ಇವನಿಗೆ ತಪ್ಪಿಸಿಕೊಳ್ಳೋ ದಾರಿಯಿಲ್ಲ, ವಸೂಲಾತಿ ಆದೇಶ ಬಂದೇ ಬರುತ್ತೆ," ಎಂದು ಮನೆಯಾಕೆಗೆ ಆಣೆ ಮಾಡಿ ಹೇಳಿದೆ.

ಆಮೇಲೆ ಆದದ್ದು ಕೇಳಿ. ಅದೇ ಕಂತಿನಲ್ಲಿ ಮಲ್ಡರ್ ಮತ್ತೆ ಬೆಲ್‌ಫ್ಲೂರಿಗೆ, ಮೊದಲ ಕಂತಿನ ಅದೇ ಕಾಡಿಗೆ ಹೋಗುತ್ತಾನೆ. ಮೇಲಿನಿಂದ ಬೆಳಕು ಬೀಳುತ್ತದೆ. ಸುತ್ತ ನಿಂತವರ ನಡುವೆ ಸೇರಿಕೊಂಡು ಮುಖ ಮೇಲೆತ್ತುತ್ತಾನೆ. ತಟ್ಟೆ ಏರುತ್ತದೆ, ಅದರ ಜೊತೆಗೆ ಅವನೂ. ಆಡಿಟ್ ಎಂದ ಕೂಡಲೇ ಮೆಡಿಕಲ್ ಲೀವ್ ಹಾಕಿದವರನ್ನು ಕಂಡಿದ್ದೇನೆ, ವರ್ಗ ಮಾಡಿಸಿಕೊಂಡವರನ್ನು ಕಂಡಿದ್ದೇನೆ, ಒಬ್ಬ ಗುಮಾಸ್ತ ಶಬರಿಮಲೆಗೆ ಮಾಲೆ ಹಾಕಿಸಿಕೊಂಡದ್ದೂ ಗೊತ್ತು. ಭೂಮಿಯನ್ನೇ ಬಿಟ್ಟು ಹೋದವನನ್ನು ನೋಡಿದ್ದು ಇದೇ ಮೊದಲು. ಆಕ್ಷೇಪಣೆಗೆ ಉತ್ತರ ತರಿಸಿಕೊಳ್ಳೋಣವೆಂದರೆ ವಿಳಾಸವೇ ಇಲ್ಲ.

ನಾನು ಈ ದಿಗ್ಭ್ರಮೆಯಲ್ಲಿರುವಾಗಲೇ ಆಸ್ಪತ್ರೆಯ ಮಂಚದ ಮೇಲೆ ಸ್ಕಲಿ, ತಾನು ಬಸುರಿ ಎಂದು ಮೇಲಧಿಕಾರಿಗೆ ತಿಳಿಸಿದಳು. ಕಂತು ಮುಗಿಯಿತು, ಸಿಳ್ಳೆಯ ಸಂಗೀತ ಬಂತು. ಮನೆಯಾಕೆ ಮೊರ ಕೆಳಗಿಟ್ಟು ನನ್ನ ಕಡೆ ತಿರುಗಿದಳು. ಒಂದು ಹುಬ್ಬು ಒಂದಿಷ್ಟೇ ಮೇಲಿತ್ತು.

"ಮದುವೆ ಕಂತು ಎಲ್ಲಿ?"

"ಇಲ್ಲ ಕಣೇ, ಅವರು ತೋರಿಸಿಲ್ಲ."

"ತೋರಿಸದೆ ಏನು? ನಾನು ಆ ಲಿವರ್ ತಿನ್ನೋ ಕಂತಲ್ಲಿ ಎದ್ದು ಹೋಗಿದ್ದು ಬಿಟ್ರೆ ಎಲ್ಲೂ ಎದ್ದಿಲ್ಲ. ನಾನು ತವರಿಗೆ ಹೋದಾಗ ನೀವೊಬ್ರೇ ನೋಡಿ ಮುಗಿಸಿದೀರಿ. ತೆಗೀರಿ ಪಟ್ಟಿ. ಯಾವ ದಿನ ಯಾವ ಕಂತು ನೋಡಿದ್ರಿ, ಬರೆದಿಟ್ಟಿದೀರಲ್ಲ?"

ಗ್ಯಾಸ್ ಸಿಲಿಂಡರಿಗೂ ಷರಾ ಬರೆಯುವ ನನ್ನ ಹತ್ತಿರ ಇದಕ್ಕೆ ಮಾತ್ರ ವೋಚರಿರಲಿಲ್ಲ.