ಬಿಡಲೊಲ್ಲದ ಹೋಲ್ಡರು

ಥಾಣೆಯ ವಾಗಳೆ ಎಸ್ಟೇಟಿನಲ್ಲಾಗಲಿ, ಡೊಂಬಿವಲಿಯ ಎಂಐಡಿಸಿಯಲ್ಲಾಗಲಿ, ನವಿ ಮುಂಬಯಿಯ ರಬಾಳೆಯಲ್ಲಾಗಲಿ, ವಾರದ ರಜೆಯ ಮರುದಿನ ವರ್ಕ್‌ಶಾಪಿನಿಂದ ಸುತ್ತಿಗೆಯ ಸದ್ದು ಕೇಳಿಬಂದರೆ, ಮಿಲ್ಲಿಂಗ್ ಯಂತ್ರದ ಸ್ಪಿಂಡಲು, ಅಂದರೆ ಕಟರನ್ನು ತಿರುಗಿಸುವ ಟೊಳ್ಳು ದಂಡ, ತನ್ನೊಳಗಿನ ಟೂಲ್ ಹೋಲ್ಡರನ್ನು ಬಿಟ್ಟುಕೊಡಲು ಒಪ್ಪುತ್ತಿಲ್ಲವೆಂದು ತಿಳಿಯಬಹುದು. ಶಾಸ್ತ್ರದ ಪ್ರಕಾರ ಹೀಗಾಗಕೂಡದು. ಸುಮಾರು 3 ಡಿಗ್ರಿಯ ಮೋರ್ಸ್ ಟೇಪರ್ ಘರ್ಷಣೆಯಿಂದಲೇ ಕಚ್ಚಿಕೊಳ್ಳುವ ಜಾತಿಯದಾದರೂ, ಬಿಟಿ 40 ಹೋಲ್ಡರಿನ 7:24 ಟೇಪರ್, ಎಂದರೆ 24 ಮಿಲಿಮೀಟರ್ ಉದ್ದಕ್ಕೆ ವ್ಯಾಸವು 7 ಮಿಲಿಮೀಟರ್ ಕಿರಿದಾಗುವ ಇಳುಕಲು, ಸಲೀಸಾಗಿ ಕಳಚಲೆಂದೇ ರೂಪುಗೊಂಡದ್ದು. ಆದರೆ ದಿನವಿಡೀ ಓಡಿ ಬಿಸಿಯಾದ ಸ್ಪಿಂಡಲಿಗೆ ತಣ್ಣನೆಯ ಹೋಲ್ಡರನ್ನು ತೊಡಿಸಿ ಮನೆಗೆ ನಡೆದರೆ, ಸ್ಪಿಂಡಲು ರಾತ್ರಿಯಲ್ಲಿ ತಣಿದು ಕುಗ್ಗಿ, ಕಲ್ಯಾಣ ಲೋಕಲಿನಲ್ಲಿ ಕಿಟಕಿಯ ಸೀಟು ಸಿಕ್ಕವನಂತೆ ಹಿಡಿದದ್ದನ್ನು ಬಿಡುವುದಿಲ್ಲ. ಮಳೆಗಾಲದ ತುಕ್ಕು ಉಳಿದ ಕೆಲಸವನ್ನು ಪೂರೈಸುತ್ತದೆ. ಹೋಲ್ಡರಿನ ಹಿಂತುದಿಯ ಪುಲ್ ಸ್ಟಡ್ಡನ್ನು ಟಾರ್ಕ್ ರೆಂಚಿನ ಗೊಡವೆಯಿಲ್ಲದೆ ತೋಳ್ಬಲದಿಂದಲೇ ಬಿಗಿಯುವ ಶೂರರಿದ್ದಲ್ಲಂತೂ ಟೇಪರಿನ ಕಿರಿಯ ತುದಿ ಕಣ್ಣಿಗೆ ಕಾಣದಷ್ಟು ಉಬ್ಬಿ, ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಪಾಳಿ ಮುಗಿದೊಡನೆ ಹೋಲ್ಡರನ್ನು ತೆಗೆದಿಟ್ಟು, ಎರಡೂ ಟೇಪರುಗಳನ್ನು ಒರೆಸಿ, ಎಣ್ಣೆಯ ತೆಳು ಪಸೆಯನ್ನಷ್ಟೇ ಉಳಿಸಿದರೆ ಸಾಕು. ಸುತ್ತಿಗೆಯೇಟು ಬೀಳುವುದು ಹೋಲ್ಡರಿಗಾದರೂ ಗಾಯ ಬೇರಿಂಗಿಗೆ. ಇನ್ನು ಉದಾರವಾಗಿ ಗ್ರೀಸು ಮೆತ್ತುವವರು ಲೋಹದ ಚೂರುಗಳಿಗೆ ಖಾಯಂ ವಸತಿಯನ್ನೇ ಕಲ್ಪಿಸುತ್ತಾರೆ.