ರಕ್ಕಸಮರಣ ಮೀಮಾಂಸೆ

ಇನ್ನು ಮರಣಜಿಜ್ಞಾಸೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಮುನಿದ್ವಯರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದ ಶಾಸ್ತ್ರವನ್ನು ಲೋಕಕ್ಕೆ ಕೊಟ್ಟಂದಿನಿಂದ ಮೇಜಿನ ಸುತ್ತ ಕೂತವರ ಕೈಯಲ್ಲಿ ಲೆಕ್ಕವಿಲ್ಲದಷ್ಟು ರಕ್ಕಸರು ಹತರಾಗಿದ್ದಾರೆ. ಅವರು ನಿಖರವಾಗಿ ಯಾವಾಗ ಸತ್ತರೆಂಬ ವಿಚಾರದಲ್ಲಿ ಮಾತ್ರ ಪಂಡಿತರಿಗೆ ಒಮ್ಮತವಿಲ್ಲ. 2014ರ ಐದನೆಯ ಆವೃತ್ತಿಯನ್ನು ಪ್ರಮಾಣವಾಗಿಟ್ಟುಕೊಂಡು ಇಲ್ಲಿ ನಿರ್ಣಯ ಹೇಳಲಾಗುವುದು.

ಸೂತ್ರ 1: ಶೂನ್ಯೇ ಮರಣಂ.
ಗಾಬ್ಲಿನ್ ಎಂಬ ಪುಟ್ಟ ರಕ್ಕಸನಿಗೆ ಹಿಟ್ ಪಾಯಿಂಟ್, ಅಂದರೆ ಪ್ರಾಣದ ಲೆಕ್ಕ, 7. ಆರು ಹೋಗಿ ಒಂದೇ ಉಳಿದಿದ್ದರೂ ಅದು ಈಗಷ್ಟೇ ಡ್ಯೂಟಿಗೆ ಬಂದ ಹುರುಪಿನಲ್ಲಿ ಕತ್ತಿ ಬೀಸುತ್ತದೆ. ಆ ಒಂದೂ ಹೋಯಿತೋ, ತಟ್ಟನೆ ಹೆಣ. ನಡುವೆ ನರಳಾಟ, ಸುಸ್ತು, ಕೊನೆಯ ಮಾತು ಯಾವುದೂ ಇಲ್ಲ.

ಸೂತ್ರ 2: ನ ತು ವೀರಸ್ಯ.
ಶೂನ್ಯಕ್ಕಿಳಿದ ವೀರನಿಗೆ, ಅಂದರೆ ಆಟಗಾರನ ಪಾತ್ರಕ್ಕೆ, ಬರೀ ಎಚ್ಚರ ತಪ್ಪುತ್ತದೆ. ಸರದಿ ಬಂದಾಗಲೆಲ್ಲ ಇಪ್ಪತ್ತು ಮುಖದ ದಾಳ ಉರುಳಿಸುತ್ತಾನೆ. ಹತ್ತು ಅಥವಾ ಹೆಚ್ಚು ಮೂರು ಸಲ ಬಿದ್ದರೆ ಬಚಾವು. ಕಡಿಮೆ ಮೂರು ಸಲ ಬಿದ್ದರೆ ಶಿವಾಯ ನಮಃ. ಇಪ್ಪತ್ತೇ ಬಿದ್ದರೆ ಒಂದು ಹಿಟ್ ಪಾಯಿಂಟ್ ಪಡೆದು ಎಚ್ಚರಗೊಳ್ಳುತ್ತಾನೆ. ಗಾಬ್ಲಿನ್‌ಗೇಕೆ ಈ ಮೇಲ್ಮನವಿಯ ಹಕ್ಕಿಲ್ಲ ಎಂಬುದು ಪೂರ್ವಪಕ್ಷ. ಅನಾಮಿಕರಿಗೆ ಹಕ್ಕಿಲ್ಲ ಎಂಬುದು ಉತ್ತರ. ಆಟಗಾರನೊಬ್ಬ “ನಿನ್ನ ಹೆಸರೇನಪ್ಪಾ?” ಎಂದು ಕೇಳಿ, ಆಟ ನಡೆಸುವ ಡಂಜನ್ ಮಾಸ್ಟರ್ ತಡವರಿಸಿ ಬಾಯಿಗೆ ಬಂದ ಹೆಸರು ಹೇಳಿದನೋ, ಆ ಗಾಬ್ಲಿನ್ ಚಿರಂಜೀವಿ.

ಸೂತ್ರ 3: ಅಗ್ನಿನಾ ಟ್ರೋಲಸ್ಯ.
ಬೆಂಕಿಯೋ ಆಸಿಡ್ಡೋ ತಾಗದಿದ್ದರೆ ಟ್ರೋಲ್ ಎಂಬ ರಕ್ಕಸಜಾತಿ ಪ್ರತಿ ಸರದಿಗೂ 10 ಹಿಟ್ ಪಾಯಿಂಟ್ ಗಳಿಸಿ ಮತ್ತೆ ಎದ್ದೇಳುತ್ತದೆ. ಲಿಚ್ ಎಂಬ ಮಂತ್ರವಾದಿಯದು ಇನ್ನೂ ಮುಂದಿನ ವಿದ್ಯೆ: ಅಜ್ಜಿಕತೆಯ ರಕ್ಕಸ ಗಿಳಿಯಲ್ಲಿ ಪ್ರಾಣ ಇಟ್ಟಂತೆ ತನ್ನ ಆತ್ಮವನ್ನು ಕರಂಡಕದಲ್ಲಿ ಬಚ್ಚಿಟ್ಟಿರುತ್ತಾನೆ. ಅದು ಉಳಿದಿದ್ದರೆ ಒಂದರಿಂದ ಹತ್ತು ದಿನದೊಳಗೆ ಹೊಸ ದೇಹ.

ಸೂತ್ರ 4: ಶರೇಣ ರಾಕ್ಷಸಸ್ಯ.
ನಮ್ಮ ರಾಕ್ಷಸನೂ ಈ ಶಾಸ್ತ್ರದಲ್ಲುಂಟು. 1977ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ಚಿತ್ರದಲ್ಲಿ ಹುಲಿಯ ತಲೆ ಹೊತ್ತು ಪೈಪ್ ಸೇದುತ್ತ ಕೂತಿದ್ದಾನೆ. ಆ ಹಳೆಯ ಗ್ರಂಥದ ಪ್ರಕಾರ, ಪುರೋಹಿತ ಮಂತ್ರಿಸಿದ ಅಡ್ಡಬಿಲ್ಲಿನ ಬಾಣ ಒಂದು ತಾಗಿದರೆ ಸಾಕಿತ್ತು, ಕಥೆ ಮುಗಿಯುತ್ತಿತ್ತು. ಈ ನಿಯಮಕ್ಕೆ ಆಕರ ವಾಲ್ಮೀಕಿಯೇ ಎಂದು ಕೇಳಬೇಡಿ. ‘ಕೋಲ್ಚಾಕ್’ ಎಂಬ ಅಮೆರಿಕನ್ ಟಿ.ವಿ. ಧಾರಾವಾಹಿ. ಲಂಕೆಯಲ್ಲಿ ಆ ಸೇನೆಯೆಲ್ಲ ಯಾಕೆ ಅಷ್ಟು ಕಷ್ಟಪಟ್ಟಿತೋ!

ಸೂತ್ರ 5: ಶೇಷಂ ಜವನಿಕಾಂತರೇ.
ಇದೇ ಸಿದ್ಧಾಂತ. ಓಗರ್ ಎಂಬ ದೈತ್ಯನಿಗೆ ಹಿಟ್ ಪಾಯಿಂಟ್ 59, ಇದುವರೆಗೆ ಬಿದ್ದ ಪೆಟ್ಟು 56. ಗಂಟೆ ರಾತ್ರಿ ಹನ್ನೊಂದೂವರೆ, ಪಿಜ್ಜಾ ಡಬ್ಬ ಖಾಲಿ. ಓಗರ್‌ನ ಹೆಗಲೇರಿ ಕೊಡಲಿ ಇಳಿಸಿದ ಸಾಹಸವನ್ನು ಆಟಗಾರನೊಬ್ಬ ಎದ್ದು ನಿಂತು ಅಭಿನಯಿಸಿದ್ದಾನೆ. ಮಾಸ್ಟರ್ ಪರದೆಯ ಹಿಂದಿನ ಕಾಗದದತ್ತ ಕಣ್ಣು ಹಾಯಿಸಿ, “ಸತ್ತ” ಎನ್ನುತ್ತಾನೆ. ಉಳಿದ ಮೂರರ ಲೆಕ್ಕ ಯಾರೂ ಕೇಳುವುದಿಲ್ಲ. ಆದಕಾರಣ, ಮೇಜಿನ ಸುತ್ತ ಕೂತವರಿಗೆ ಸಾಕೆನಿಸಿದಾಗ ರಕ್ಕಸ ಸಾಯತಕ್ಕದ್ದು. ಹಾಗೆಲ್ಲ ಮಾಡಿಯೇ ಇಲ್ಲವೆಂದು ಡಂಜನ್ ಮಾಸ್ಟರುಗಳೆಲ್ಲ ಆಣೆ ಇಡುತ್ತಾರೆ. ಸೂತ್ರಕ್ಕೆ ಅದಕ್ಕಿಂತ ಬಲವಾದ ಪ್ರಮಾಣ ಬೇಕಿಲ್ಲ.